ಒಂದು ಸಾಲು ಯಾವುದರದ್ದು? ತೀರ್ಪುಗಳ ಪಟ್ಟಿ ಮತ್ತು ಮೆಟಾಡೇಟಾ

ಪ್ರಶ್ನೆ: ನಾವು ಐದು ಜನ ಸೇರಿ ಸುಮಾರು 4,000 ತೀರ್ಪುಗಳ ಪಿಡಿಎಫ್ ಕೂಡಿಸಿದ್ದೇವೆ. ಎಕ್ಸೆಲ್ ಹಾಳೆಯಲ್ಲಿ ಪ್ರಕರಣದ ಹೆಸರು, ಸಂಖ್ಯೆ, ಕೋರ್ಟು, ದಿನಾಂಕ, ವಿಷಯ, ಫಲಿತಾಂಶ ಎಂದು ಕಾಲಂ ಹಾಕಿ ಮೆಟಾಡೇಟಾ, ಅಂದರೆ ದಾಖಲೆಯ ಬಗೆಗಿನ ವಿವರ, ತುಂಬಿಸುತ್ತಾ ಬಂದೆವು. ಈಗ ಹುಡುಕಿದರೆ ಬೇಕಾದದ್ದು ಸಿಗುವುದಿಲ್ಲ. ಒಂದೇ ತೀರ್ಪು ಮೂರು ಕಡೆ ಕಾಣುತ್ತದೆ. ದಾಖಲೆಗಳನ್ನು ವಿವರಿಸಲು ಮಾನದಂಡಗಳಿವೆ, ಡಬ್ಲಿನ್ ಕೋರ್ ಬಳಸಿ ಎಂದು ಒಬ್ಬರು, ಅಕೋಮಾ ನ್ಟೊಸೊ ಬಳಸಿ ಎಂದು ಇನ್ನೊಬ್ಬರು ಹೇಳಿದರು. ಯಾವುದನ್ನು ಹಿಡಿಯಬೇಕು? ಮೊದಲಿಂದ ಶುರು ಮಾಡಬೇಕಾ?

ಉತ್ತರ: ಮೊದಲಿಂದ ಶುರು ಮಾಡಬೇಕಿಲ್ಲ. ಯಾವ ಮಾನದಂಡ ಹಿಡಿಯಬೇಕು ಎನ್ನುವುದನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅದಕ್ಕೂ ಮುಂಚೆ ಕೇಳಬೇಕಾದದ್ದು ಒಂದಿದೆ. ನಿಮ್ಮ ಹಾಳೆಯಲ್ಲಿ ಒಂದು ಸಾಲು ಯಾವುದರದ್ದು? ಪ್ರಕರಣದ್ದಾ, ತೀರ್ಪಿನದ್ದಾ, ಪಿಡಿಎಫ್ ಫೈಲಿನದ್ದಾ? ಐವರನ್ನೂ ಬೇರೆ ಬೇರೆ ಕೂರಿಸಿ ಕೇಳಿ ನೋಡಿ. ಒಂದೇ ಉತ್ತರ ಬಂದರೆ ನನಗೆ ಆಶ್ಚರ್ಯ.

ಪ್ರಕರಣ ಅಂದರೆ ವ್ಯಾಜ್ಯ. ಅದಕ್ಕೆ ಹುಟ್ಟಿದ ದಿನ ಇದೆ, ನಂಬರ್ ಇದೆ, ವರ್ಷಗಟ್ಟಲೆ ಆಯಸ್ಸೂ ಇದೆ. ತೀರ್ಪು ಅಂದರೆ ಆ ವ್ಯಾಜ್ಯದ ಬಗ್ಗೆ ಒಂದು ದಿನ ಒಂದು ಪೀಠ ಹೇಳಿದ ಮಾತು. ಪಿಡಿಎಫ್ ಆ ಮಾತಿನ ಒಂದು ಪ್ರತಿ, ಅಷ್ಟೇ. ಒಂದು ಪ್ರಕರಣದಲ್ಲಿ ಮಧ್ಯಂತರ ಆದೇಶ, ಅಂತಿಮ ತೀರ್ಪು, ಮರುಪರಿಶೀಲನೆಯ ಆದೇಶ ಎಂದು ಹತ್ತು ದಾಖಲೆ ಹುಟ್ಟಬಹುದು. ಉಲ್ಟಾ ಕೂಡ ಆಗುತ್ತದೆ. ಒಂದೇ ಬಗೆಯ ನಲವತ್ತು ಅರ್ಜಿಗಳನ್ನು ಒಟ್ಟಿಗೆ ಕೇಳಿ ಕೋರ್ಟು ಒಂದೇ ತೀರ್ಪಿನಲ್ಲಿ ಮುಗಿಸುತ್ತದೆ. ಆ ತೀರ್ಪಿನ ಸ್ಕ್ಯಾನ್ ಒಂದು, ವೆಬ್‌ಸೈಟಿನಿಂದ ಇಳಿಸಿಕೊಂಡದ್ದು ಒಂದು, ಅನುವಾದ ಒಂದು ಎಂದು ಪಿಡಿಎಫ್ ಮೂರಾಗುತ್ತದೆ. ನಿಮ್ಮಲ್ಲಿ ಯಾರೂ ತಪ್ಪು ತುಂಬಿಸಿಲ್ಲದಿರಬಹುದು. ಒಬ್ಬರು ಅರ್ಜಿ ಎಣಿಸಿದ್ದಾರೆ, ಒಬ್ಬರು ತೀರ್ಪು ಎಣಿಸಿದ್ದಾರೆ, ಮತ್ತೊಬ್ಬರು ಫೈಲು ಎಣಿಸಿದ್ದಾರೆ.

ನಾನು ಕೈಹಾಕಿದ ಮೊದಲ ಸಂಗ್ರಹದಲ್ಲೂ ಇದೇ ಎಡವಟ್ಟಾಗಿತ್ತು. ಒಂದು ಬಗೆಯ ಅರ್ಜಿಗಳು ಬೇರೆಲ್ಲಕ್ಕಿಂತ ಜಾಸ್ತಿ ಗೆಲ್ಲುತ್ತಿವೆ ಎಂದು ಲೆಕ್ಕ ತೋರಿಸುತ್ತಿತ್ತು. ನಾವೂ ಖುಷಿಯಿಂದ ಅದಕ್ಕೆ ಕಾರಣ ಹುಡುಕುತ್ತಾ ಕೂತೆವು. ಕೊನೆಗೆ ಗೊತ್ತಾಗಿದ್ದು ಏನೆಂದರೆ, ಹಲವು ಅರ್ಜಿಗಳಿಗೆ ಸೇರಿಸಿ ಕೊಟ್ಟ ಒಂದು ತೀರ್ಪು ಪ್ರತಿ ಅರ್ಜಿಗೂ ಒಂದೊಂದು ಸಾಲಾಗಿ ಕೂತಿತ್ತು. ಗೆದ್ದದ್ದು ಒಂದೇ ಸಲ, ನಾವು ಎಣಿಸಿದ್ದು ಹತ್ತಾರು ಸಲ.

ಹಾಗಾಗಿ ಹಾಳೆಯನ್ನು ಮೂರು ಮಾಡಿ: ಪ್ರಕರಣಗಳದ್ದು, ತೀರ್ಪು ಹಾಗೂ ಆದೇಶಗಳದ್ದು, ಫೈಲುಗಳದ್ದು. ಯಾವ ತೀರ್ಪು ಯಾವ ಯಾವ ಪ್ರಕರಣಕ್ಕೆ ಸೇರಿದ್ದು ಎಂದು ಜೋಡಿಸಲು ಎರಡೇ ಕಾಲಂನ ಒಂದು ಚಿಕ್ಕ ಹಾಳೆ ಸಾಕು. ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಗ್ರಂಥಾಲಯದವರು 1998ರಲ್ಲೇ ಎಫ್‌ಆರ್‌ಬಿಆರ್ ಎಂಬ ಮಾದರಿಯಲ್ಲಿ ಕೃತಿ ಬೇರೆ, ಅದರ ಒಂದೊಂದು ಪಠ್ಯರೂಪ ಬೇರೆ, ಪ್ರಕಟವಾದ ರೂಪ ಬೇರೆ, ಕೈಯಲ್ಲಿರುವ ಪ್ರತಿ ಬೇರೆ ಎಂದು ಬಿಡಿಸಿಟ್ಟರು. ಅಕೋಮಾ ನ್ಟೊಸೊ ಕೂಡ ಅದೇ ಅಡಿಪಾಯದ ಮೇಲೆ ನಿಂತಿದೆ.

ಇನ್ನು ಗುರುತಿನ ಸಂಖ್ಯೆ. ಇಲ್ಲೂ ಅದೇ ಗೊಂದಲ ಇನ್ನೊಂದು ವೇಷದಲ್ಲಿ ಬರುತ್ತದೆ. ಯುರೋಪಿನ ನ್ಯಾಯಾಲಯದ (ಈಗಿನ ಯುರೋಪಿಯನ್ ಒಕ್ಕೂಟದ ಕೋರ್ಟು) ಪ್ರಸಿದ್ಧ ವ್ಯಾನ್ ಗೆಂಡ್ ಎನ್ ಲೂಸ್ ತೀರ್ಪನ್ನು ತೆಗೆದುಕೊಳ್ಳಿ. ಪ್ರಕರಣದ ಸಂಖ್ಯೆ 26/62, ಅಂದರೆ 1962ರಲ್ಲಿ ದಾಖಲಾದದ್ದು. ತೀರ್ಪು ಬಂದದ್ದು 1963ರ ಫೆಬ್ರವರಿ 5ರಂದು. ಯುರೋಪಿನವರು ತೀರ್ಪುಗಳಿಗೆಂದೇ ಇಸಿಎಲ್‌ಐ ಎಂಬ ಗುರುತನ್ನು ರೂಪಿಸಿದ್ದಾರೆ. ಅದಕ್ಕೆ ಐದು ಭಾಗ: ಇಸಿಎಲ್‌ಐ ಎಂಬ ಪದ, ದೇಶದ ಅಥವಾ ಒಕ್ಕೂಟದ ಸಂಕೇತ, ಕೋರ್ಟಿನ ಸಂಕೇತ, ತೀರ್ಪಿನ ವರ್ಷ, ಕ್ರಮಸಂಖ್ಯೆ. ಇದರ ಪ್ರಕಾರ ಆ ತೀರ್ಪಿನ ಗುರುತು ಇಸಿಎಲ್‌ಐ:ಇಯು:ಸಿ:1963:1. ಒಂದರಲ್ಲಿ 62, ಇನ್ನೊಂದರಲ್ಲಿ 1963. ಎರಡೂ ಸರಿ, ಯಾಕೆಂದರೆ ಒಂದು ವ್ಯಾಜ್ಯದ ಗುರುತು, ಇನ್ನೊಂದು ತೀರ್ಪಿನ ಗುರುತು. ಇವೆರಡನ್ನೂ ಒಂದೇ ಕಾಲಂಗೆ ತುರುಕಿದರೆ ವರ್ಷದ ಲೆಕ್ಕ ಅಲ್ಲೇ ಕೆಟ್ಟಿತು.

ಬೇರೆ ದೇಶಗಳಲ್ಲೂ ಈ ಎರಡು ಜಾತಿ ಇವೆ. ಭಾರತದ ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಪ್ರಕರಣದ ಗುರುತು. ಸುಪ್ರೀಂ ಕೋರ್ಟ್ 2023ರಲ್ಲಿ ಶುರು ಮಾಡಿದ ತಟಸ್ಥ ಉಲ್ಲೇಖ, ಅಂದರೆ ವರ್ಷ, ಕೋರ್ಟಿನ ಸಂಕೇತವಾದ ಐಎನ್‌ಎಸ್‌ಸಿ, ಕ್ರಮಸಂಖ್ಯೆ, ತೀರ್ಪಿನ ಗುರುತು. ಇಂಗ್ಲೆಂಡಿನಲ್ಲಿ ತಟಸ್ಥ ಉಲ್ಲೇಖ 2001ರಲ್ಲೇ ಬಂತು. ತಟಸ್ಥ ಅಂತ ಯಾಕೆ ಹೆಸರು? ಅದಕ್ಕೂ ಮುಂಚೆ ತೀರ್ಪನ್ನು ಕರೆಯುತ್ತಿದ್ದದ್ದು ಅದನ್ನು ಅಚ್ಚು ಹಾಕಿದ ವರದಿ ಸಂಪುಟದ ಹೆಸರು ಮತ್ತು ಪುಟದಿಂದ. ನಾಲ್ಕು ಪ್ರಕಾಶಕರು ಅಚ್ಚು ಹಾಕಿದರೆ ನಾಲ್ಕು ಉಲ್ಲೇಖ. ತಟಸ್ಥ ಉಲ್ಲೇಖ ಯಾವ ಪ್ರಕಾಶಕರದ್ದೂ ಅಲ್ಲ, ಕೋರ್ಟಿನದ್ದೇ. ಹಳೆಯ ಉಲ್ಲೇಖಗಳನ್ನು ಎಸೆಯಬೇಡಿ. ವಕೀಲರು ಹುಡುಕುವುದು ಅವುಗಳಿಂದಲೇ. ಆದರೆ ಅವನ್ನು ಬೇರೆ ಹಾಳೆಯಲ್ಲಿ, ಒಂದು ಸಾಲಿಗೆ ಒಂದು ಉಲ್ಲೇಖದಂತೆ ಇಡಿ.

ಇವೆಲ್ಲದರ ಜೊತೆಗೆ ನಿಮ್ಮದೇ ಒಂದು ಒಳಬಳಕೆಯ ನಂಬರ್ ಇರಲಿ. ಅದು ಪೆದ್ದು ನಂಬರ್ ಆಗಿರಬೇಕು: 1, 2, 3. ಅದರೊಳಗೆ ವರ್ಷ, ಕೋರ್ಟು, ವಿಷಯ ಏನನ್ನೂ ಅಡಗಿಸಬೇಡಿ. ನಾಳೆ ವಿಷಯ ತಿದ್ದಬೇಕಾದರೆ ನಂಬರನ್ನೂ ತಿದ್ದಬೇಕಾಗುತ್ತದೆ. ಒಮ್ಮೆ ಕೊಟ್ಟ ನಂಬರನ್ನು, ಸಾಲು ಅಳಿಸಿದರೂ, ಮತ್ತೊಂದಕ್ಕೆ ಕೊಡಬೇಡಿ.

ಎಕ್ಸೆಲ್ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ಹಾಳೆಯಲ್ಲಿ ಇದು ಈಗಾಗಲೇ ಆಗಿರಬಹುದು ಎಂಬ ಅನುಮಾನ ನನಗಿದೆ. ಯುರೋಪಿನ ಇನ್ನೊಂದು ಹೆಸರಾದ ಪ್ರಕರಣ ಕೋಸ್ಟಾ ವಿರುದ್ಧ ಎನೆಲ್, ಸಂಖ್ಯೆ 6/64. ಇದನ್ನು ಸುಮ್ನೆ ಒಂದು ಕೋಶದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಎಕ್ಸೆಲ್ ಅದನ್ನು 1964ರ ಜೂನ್ ತಿಂಗಳು ಮಾಡಿಬಿಡುತ್ತದೆ. ಆದರೆ 26/62 ಹಾಗೇ ಉಳಿಯುತ್ತದೆ, ಯಾಕೆಂದರೆ 26ನೇ ತಿಂಗಳು ಇಲ್ಲ. ಅಂದರೆ 62, 64ರಂಥ ವರ್ಷಗಳಲ್ಲಿ ಸಂಖ್ಯೆ 1ರಿಂದ 12ರವರೆಗಿನ ಪ್ರಕರಣಗಳು ಮಾತ್ರ ಸದ್ದಿಲ್ಲದೆ ಕೆಡುತ್ತವೆ, ಉಳಿದವು ಚೆನ್ನಾಗಿ ಕಾಣುತ್ತವೆ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಇವತ್ತೇ ಆ ಕಾಲಂ ನೋಡಿ. ಮುಂದೆ ಅದನ್ನು ಮೊದಲೇ ಟೆಕ್ಸ್ಟ್ ಎಂದು ಗೊತ್ತುಮಾಡಿ, ಪ್ರಕರಣದ ಬಗೆ, ಸಂಖ್ಯೆ, ವರ್ಷ ಎಂದು ಮೂರು ಕಾಲಂ ಮಾಡಿ.

ಹೆಸರಿನ ವಿಷಯಕ್ಕೆ ಬರೋಣ. ಪ್ರಕರಣದ ಹೆಸರಿನಿಂದ ಗುರುತು ಹಿಡಿಯಲು ಹೋಗಬೇಡಿ. ಬಾಟಲಿಯೊಳಗೆ ಬಸವನಹುಳು ಸಿಕ್ಕಿತೆಂದು ನಡೆದ ಡೊನಹ್ಯೂ ವಿರುದ್ಧ ಸ್ಟೀವನ್‌ಸನ್ ಕಾನೂನು ಓದಿದವರಿಗೆಲ್ಲ ಗೊತ್ತು. ಹೌಸ್ ಆಫ್ ಲಾರ್ಡ್ಸ್ 1932ರ ಮೇ 26ರಂದು ಕೊಟ್ಟ ತೀರ್ಪು. ಆದರೆ ವರದಿ ಸಂಪುಟ ತೆರೆದರೆ ಅಲ್ಲಿರುವ ಹೆಸರು 'ಮ್ಯಾಕ್ಅಲಿಸ್ಟರ್ ಅಥವಾ ಡೊನಹ್ಯೂ'. ಮದುವೆಯಾದ ಹೆಂಗಸಿನ ತವರಿನ ಹೆಸರನ್ನೂ ಬರೆಯುವುದು ಸ್ಕಾಟ್ಲೆಂಡಿನ ರೂಢಿಯಾಗಿತ್ತು. ಅಕಾರಾದಿ ಪಟ್ಟಿಯಲ್ಲಿ ಒಬ್ಬರು ಅದನ್ನು ಡ ಅಕ್ಷರದಲ್ಲಿ ಹುಡುಕುತ್ತಾರೆ, ಇನ್ನೊಬ್ಬರು ಮ ಅಕ್ಷರದಲ್ಲಿ. ಇಬ್ಬರೂ ಸರಿ, ಅಲ್ವಾ? ಈಗ ಇನ್ನೊಂದು ತೊಡಕೂ ಸೇರಿದೆ. ಯುರೋಪಿನ ನ್ಯಾಯಾಲಯ 2018ರ ಜುಲೈ 1ರಿಂದ ಕೆಳ ಕೋರ್ಟುಗಳು ಕಳಿಸಿದ ಪ್ರಕರಣಗಳಲ್ಲಿ ಖಾಸಗಿ ವ್ಯಕ್ತಿಗಳ ಹೆಸರಿನ ಜಾಗದಲ್ಲಿ ಬರೀ ಇನಿಷಿಯಲ್ ಹಾಕತೊಡಗಿತು. ಎರಡು ಬೇರೆ ಪ್ರಕರಣಗಳಿಗೆ ಒಂದೇ ಇನಿಷಿಯಲ್ ಬರುವುದು ಏನು ದೊಡ್ಡ ಮಾತು?

ಆದ್ದರಿಂದ ಹೆಸರು ಓದುಗರ ಕಣ್ಣಿಗೆ ಮಾತ್ರ. ರೂಢಿಯ ಹೆಸರು ಒಂದು ಕಾಲಂನಲ್ಲಿ, ದಾಖಲೆಯಲ್ಲಿರುವ ಹೆಸರು ಇನ್ನೊಂದರಲ್ಲಿ. ಪಕ್ಷಗಾರರನ್ನು ಬೇರೆ ಹಾಳೆಯಲ್ಲಿ ಅವರ ಪಾತ್ರದ ಜೊತೆ ಬರೆಯಿರಿ. ಪಾತ್ರ ಅಂದದ್ದು ಯಾಕೆಂದರೆ ಅದು ಬದಲಾಗುತ್ತಿರುತ್ತದೆ. ಕೆಳಗಿನ ಕೋರ್ಟಿನ ಪ್ರತಿವಾದಿ ಮೇಲೆ ಹೋದಾಗ ಮೇಲ್ಮನವಿದಾರ. ಹೆಸರುಗಳು ಹಿಂದುಮುಂದಾಗಿ ಪ್ರಕರಣದ ಹೆಸರೇ ತಿರುಗಿಬಿಡಬಹುದು.

ನ್ಯಾಯಮೂರ್ತಿಗಳಿಗೂ ಒಂದೇ ಕಾಲಂ ಸಾಲದು. ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ಜನರ ಪೀಠ ಇತ್ತು. 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ ತೀರ್ಪಾಯಿತು, ಬರೆದ ಅಭಿಪ್ರಾಯಗಳು 11. 'ನ್ಯಾಯಮೂರ್ತಿ' ಎಂಬ ಕೋಶದಲ್ಲಿ ಯಾರನ್ನು ಬರೆಯುತ್ತೀರಿ? ಪೀಠದಲ್ಲಿ ಕೂತವರು, ಬರೆದವರು, ಒಪ್ಪಿದವರು, ಭಿನ್ನಮತ ಕೊಟ್ಟವರು, ಇವು ನಾಲ್ಕು ಬೇರೆ ಸಂಗತಿಗಳು.

ಕೋರ್ಟಿನ ಹೆಸರನ್ನು ಟೈಪ್ ಮಾಡಲು ಯಾರಿಗೂ ಬಿಡಬೇಡಿ. ಪಟ್ಟಿಯಿಂದ ಆರಿಸಬೇಕು, ಅಷ್ಟೇ. ಕನ್ನಡದಲ್ಲಿ ತುಂಬಿಸುವವರಿಗೆ ಇದು ಇನ್ನೂ ಮುಖ್ಯ. ಸುಪ್ರೀಂ, ಸುಪ್ರೀಮ್, ಸರ್ವೋಚ್ಚ ಎಂದು ಬರೆದದ್ದು ಕಣ್ಣಿಗಾದರೂ ಬೇರೆ ಕಾಣುತ್ತದೆ. ಆದರೆ 'ಕೋರ್ಟ್' ಪದದ ಕೊನೆಯಲ್ಲಿ ಕಾಣದ ಒಂದು ಅಕ್ಷರ, ಜೀರೋ ವಿಡ್ತ್ ನಾನ್ ಜಾಯ್ನರ್, ಕೂತಿದ್ದರೆ ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಕೋರ್ಟುಗಳು. ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ, ಕಾರಣ ಮಾತ್ರ ಯಾರಿಗೂ ತಿಳಿಯುವುದಿಲ್ಲ. ಹಳೆಯ ನುಡಿ, ಬರಹ ಫಾಂಟಿನ ಪಿಡಿಎಫ್‌ನಿಂದ ನಕಲು ಮಾಡಿದ್ದರೆ ಇನ್ನೂ ಕಷ್ಟ. ಅಂಟಿಸಿದ್ದು ಯೂನಿಕೋಡ್ ಹೌದೋ ಅಲ್ಲವೋ ನೋಡಿಕೊಳ್ಳಿ. ಕೋರ್ಟಿಗೊಂದು ಚಿಕ್ಕ ಸಂಕೇತ ಕೊಟ್ಟು, ಹೆಸರನ್ನು ಒಂದೇ ಕಡೆ ಬರೆದಿಟ್ಟರೆ ಈ ತಲೆನೋವು ಮುಗಿಯಿತು.

ಕೋರ್ಟುಗಳೂ ಬದಲಾಗುತ್ತವೆ ಎನ್ನುವುದು ನೆನಪಿರಲಿ. ಬ್ರಿಟನ್ನಿನಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯದಾನದ ಕೆಲಸ 2009ರ ಅಕ್ಟೋಬರ್‌ನಲ್ಲಿ ಹೊಸ ಸುಪ್ರೀಂ ಕೋರ್ಟಿಗೆ ಹೋಯಿತು. ಹಾಗೆಂದು 1932ರ ತೀರ್ಪಿನ ಮುಂದೆ ಸುಪ್ರೀಂ ಕೋರ್ಟ್ ಎಂದು ಬರೆದರೆ ಸುಳ್ಳಾಗುತ್ತದೆ. ಪಟ್ಟಿಯಲ್ಲಿ ಪ್ರತಿ ಕೋರ್ಟಿನ ಎದುರು 'ಯಾವಾಗಿನಿಂದ, ಯಾವಾಗಿನವರೆಗೆ' ಎಂದು ಎರಡು ಕಾಲಂ ಇಡಿ.

ದಿನಾಂಕದ ಬಗ್ಗೆ ಉದ್ದ ಬರೆಯುವುದಿಲ್ಲ. 1932-05-26 ಎಂಬಂತೆ ವರ್ಷ, ತಿಂಗಳು, ದಿನ, ಈ ಕ್ರಮದಲ್ಲೇ ಬರೆಯಿರಿ. ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಅದನ್ನೇ. ದಿನ ಗೊತ್ತಿಲ್ಲದಿದ್ದರೆ 1932-05ಕ್ಕೆ ನಿಲ್ಲಿಸಿ, ಸುಮ್ನೆ ಒಂದನೇ ತಾರೀಕು ಹಾಕಬೇಡಿ. ದಾಖಲಾದ ದಿನ ಪ್ರಕರಣದ ಹಾಳೆಗೆ, ತೀರ್ಪು ಕೊಟ್ಟ ದಿನ ತೀರ್ಪಿನ ಹಾಳೆಗೆ, ನೀವು ಇಳಿಸಿಕೊಂಡ ದಿನ ಫೈಲಿನ ಹಾಳೆಗೆ.

ನಿಮ್ಮ ಕಾಲಂಗಳಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು 'ಫಲಿತಾಂಶ'. ಒಳಗೆ ಗೆಲುವು, ಸೋಲು ಎಂದು ಬರೆದಿದ್ದೀರಾ? ವಜಾ ಎಂಬ ಒಂದು ಪದವನ್ನೇ ನೋಡಿ. ವಾದ ಕೇಳಿ, ಹುರುಳಿಲ್ಲ ಎಂದು ವಜಾ ಮಾಡುವುದು ಒಂದು. ಕರೆದಾಗ ಯಾರೂ ಹಾಜರಿರಲಿಲ್ಲ ಎಂದು ವಜಾ ಮಾಡುವುದು ಇನ್ನೊಂದು. ಅರ್ಜಿದಾರರೇ ವಾಪಸ್ ತೆಗೆದುಕೊಂಡದ್ದರಿಂದ ವಜಾ ಆದದ್ದು ಮೂರನೆಯದು. ಮೂರೂ ಸೋಲು ಎಂದು ಎಣಿಸಿದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಸರ್ಕಾರ ಹಾಕಿದ ಮೇಲ್ಮನವಿ ವಜಾ ಆದರೆ ಗೆದ್ದದ್ದು ಎದುರಿನವರು ಎನ್ನುವುದು ಬೇರೆ. ಭಾಗಶಃ ಪುರಸ್ಕಾರ, ಮರುವಿಚಾರಣೆಗೆ ವಾಪಸ್, ರಾಜಿ, ಇವುಗಳನ್ನು ಯಾವ ಕಡೆಗೆ ಹಾಕುತ್ತೀರಿ? ನಾನು ಮಾಡುವುದು ಹೀಗೆ. ಕೋರ್ಟು ಏನು ಮಾಡಿತು ಎಂಬುದಕ್ಕೆ ಹತ್ತು-ಹನ್ನೆರಡು ಪದಗಳ ಒಂದು ಪಟ್ಟಿ. ಪ್ರತಿ ಪದಕ್ಕೂ ಒಂದು ವಾಕ್ಯದ ವಿವರಣೆ. ಪಕ್ಕದ ಕೋಶದಲ್ಲಿ ಆದೇಶದ ಕೊನೆಯ ಪ್ಯಾರಾ, ಇದ್ದದ್ದು ಇದ್ದ ಹಾಗೆ. ಯಾರು ಗೆದ್ದರು ಎನ್ನುವುದು ಓದುಗರ ತೀರ್ಮಾನ. ಅದಕ್ಕೆ ಕಾಲಂ ಇಡುವುದಿಲ್ಲ.

ವಿಷಯದ ಕಾಲಂ ಕೂಡ ಜಗಳದ ಮೂಲವೇ. ಒಬ್ಬರು ಬಾಡಿಗೆ ಎನ್ನುತ್ತಾರೆ, ಒಬ್ಬರು ಟೆನೆನ್ಸಿ, ಇನ್ನೊಬ್ಬರು ಮನೆ ಖಾಲಿ ಮಾಡಿಸುವುದು. ಇದಕ್ಕೆ ಬಳಕೆಯಲ್ಲಿರುವ ಮಾದರಿ ಸ್ಕಾಸ್, ವೆಬ್ಬಿನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದನ್ನು 2009ರಲ್ಲಿ ಒಪ್ಪಿಕೊಂಡಿತು. ಹೆಸರು ಕೇಳಿ ಹೆದರಬೇಡಿ, ಒಳಗಿರುವುದು ಸರಳ. ಪ್ರತಿ ವಿಷಯಕ್ಕೂ ಒಂದು ಸಂಕೇತ, ಒಂದು ಮುಖ್ಯ ಹೆಸರು, ಬೇಕಾದಷ್ಟು ಅಡ್ಡಹೆಸರು, ಅದರ ಮೇಲಿನ ದೊಡ್ಡ ವಿಷಯ ಯಾವುದು ಎಂಬ ಸೂಚನೆ. ಕನ್ನಡದ ಹೆಸರು, ಇಂಗ್ಲಿಷಿನ ಹೆಸರು ಎರಡೂ ಒಂದೇ ಸಂಕೇತಕ್ಕೆ ಅಂಟಿಕೊಳ್ಳುತ್ತವೆ. ಯಾವ ಪದ ಟೈಪ್ ಮಾಡಿದರೂ ಅದೇ ತೀರ್ಪುಗಳು ಸಿಗುತ್ತವೆ. ಶುರುವಿನಲ್ಲಿ ಐವತ್ತು-ಅರವತ್ತು ವಿಷಯ ಸಾಕು. ಐನೂರು ಮಾಡಿದರೆ ತುಂಬಿಸುವವರು ಕೊನೆಗೆ 'ಇತರೆ' ಎಂಬುದನ್ನೇ ಆರಿಸುತ್ತಾರೆ. ನೋಡಿದ್ದೇನೆ.

ನಿಮ್ಮ ಹಾಳೆಯಲ್ಲಿ ಇಲ್ಲದೇ ಇರುವ ಒಂದು ಸಂಗತಿ ಇದೆ, ನನಗೆ ಅದು ವಿಷಯಕ್ಕಿಂತ ಮುಖ್ಯ. ಒಂದು ತೀರ್ಪಿಗೂ ಇನ್ನೊಂದು ತೀರ್ಪಿಗೂ ಇರುವ ಸಂಬಂಧ. ಅಮೆರಿಕದಲ್ಲಿ ಫ್ರಾಂಕ್ ಶೆಪರ್ಡ್ ಎಂಬವರು 1873ರಲ್ಲಿ ಒಂದು ವ್ಯಾಪಾರ ಶುರು ಮಾಡಿದರು. ಯಾವ ತೀರ್ಪನ್ನು ಮುಂದೆ ಯಾವ ತೀರ್ಪು ಉಲ್ಲೇಖಿಸಿತು ಎಂದು ಅಂಟುಚೀಟಿಯಲ್ಲಿ ಅಚ್ಚು ಹಾಕಿ ಮಾರುವುದು. ವಕೀಲರು ಅದನ್ನು ತಮ್ಮ ಪುಸ್ತಕದ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದರು. ನೀರು ಹಚ್ಚಿ ಅಂಟಿಸುವ ಮೆಟಾಡೇಟಾ ಅನ್ನಿ! ಅದರ ಹಿಂದಿನ ಅಗತ್ಯ ಇವತ್ತಿಗೂ ಅದೇ. ಮೇಲಿನ ಕೋರ್ಟು ರದ್ದು ಮಾಡಿದ ತೀರ್ಪು ನಿಮ್ಮ ಪಟ್ಟಿಯಲ್ಲಿ ಏನೂ ಆಗದಂತೆ ಕೂತಿದ್ದರೆ, ನಂಬಿ ಬಳಸಿದವರು ಕೋರ್ಟಿನಲ್ಲಿ ಪೆಚ್ಚಾಗುತ್ತಾರೆ. ಮೂರು ಕಾಲಂ ಸಾಕು: ಈ ತೀರ್ಪು, ಆ ತೀರ್ಪು, ಸಂಬಂಧ. ಎತ್ತಿಹಿಡಿಯಿತು, ರದ್ದು ಮಾಡಿತು, ಅನುಸರಿಸಿತು, ಸಂದರ್ಭ ಬೇರೆ ಎಂದು ಪಕ್ಕಕ್ಕಿಟ್ಟಿತು, ಬರೀ ಉಲ್ಲೇಖಿಸಿತು. ಎಲ್ಲವನ್ನೂ ತುಂಬಲು ಆಗದಿದ್ದರೆ ಮೊದಲ ಎರಡನ್ನಾದರೂ ತುಂಬಿ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಡಬ್ಲಿನ್ ಕೋರ್ 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಊರಿನಲ್ಲಿ ಹುಟ್ಟಿದ್ದು, ಐರ್ಲೆಂಡಿನದ್ದಲ್ಲ. ಯಾವ ದಾಖಲೆಗಾದರೂ ಹೊಂದುವ 15 ಮೂಲ ಅಂಶಗಳ ಪಟ್ಟಿ: ಶೀರ್ಷಿಕೆ, ಕರ್ತೃ, ದಿನಾಂಕ, ಭಾಷೆ, ವಿಷಯ, ಹೀಗೆ. ಅದರಲ್ಲಿ ಪಕ್ಷಗಾರ ಇಲ್ಲ, ಪೀಠ ಇಲ್ಲ, ಮೇಲ್ಮನವಿ ಇಲ್ಲ. ಹಾಗಾಗಿ ಅದೊಂದರಲ್ಲೇ ತೀರ್ಪನ್ನು ವಿವರಿಸಲು ಹೋದರೆ ಉಸಿರು ಕಟ್ಟುತ್ತದೆ. ಆದರೆ ಬೇರೆಯವರ ಜೊತೆ ಹಂಚಿಕೊಳ್ಳಲು ಅದು ಚೆನ್ನಾಗಿದೆ. ಇಸಿಎಲ್‌ಐ ಜೊತೆಗಿನ ಮೆಟಾಡೇಟಾವನ್ನು ಅದರ ಮೇಲೆಯೇ ಕಟ್ಟಿದ್ದಾರೆ. ಅಲ್ಲಿ 'ಕರ್ತೃ' ಅಂದರೆ ಕೋರ್ಟು. ನ್ಯಾಯಮೂರ್ತಿಗಳು 'ಕೊಡುಗೆದಾರರು'. ಈ ತರಹದ ತೀರ್ಮಾನಗಳನ್ನು ಅವರು ಆಗಲೇ ಮಾಡಿಟ್ಟಿರುವುದರಿಂದ ನೀವು ಮತ್ತೆ ಜಗಳವಾಡಬೇಕಿಲ್ಲ. ಒಳಗೆ ನಿಮ್ಮ ಮೂರು ಹಾಳೆ ಇರಲಿ, ಹೊರಗೆ ಕೊಡುವಾಗ ಈ ಪಟ್ಟಿಗೆ ಹೊಂದಿಸಿ ಕೊಡಿ.

ಅಕೋಮಾ ನ್ಟೊಸೊ ಬೇರೆಯೇ ಕೆಲಸಕ್ಕೆ. ಹೆಸರು ಪಶ್ಚಿಮ ಆಫ್ರಿಕಾದ ಅಕಾನ್ ಭಾಷೆಯದ್ದು, ಬೆಸೆದ ಹೃದಯಗಳು ಎಂದರ್ಥ. ಆಫ್ರಿಕಾದ ಸಂಸತ್ತುಗಳಿಗಾಗಿ ವಿಶ್ವಸಂಸ್ಥೆಯ ಒಂದು ಯೋಜನೆಯಲ್ಲಿ ಶುರುವಾಗಿ, 2018ರಲ್ಲಿ ಓಯಸಿಸ್ ಸಂಸ್ಥೆಯ ಮಾನದಂಡವಾಯಿತು. ಇದು ತೀರ್ಪಿನ ಪಠ್ಯದ ಒಳಗೇ ಗುರುತು ಹಾಕುವ ಎಕ್ಸ್‌ಎಂಎಲ್ ಭಾಷೆ. ಇದು ಪೀಠಿಕೆ, ಇದು ಹಿನ್ನೆಲೆ, ಇದು ಕಾರಣ, ಇದು ನಿರ್ಧಾರ ಎಂದು ತೋರಿಸುತ್ತದೆ. ತುಂಬಾ ಒಳ್ಳೆಯದು, ಆದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಇಟ್ಟುಕೊಂಡು ಐದು ಜನ ಕೈಯಲ್ಲಿ ಮಾಡುವ ಕೆಲಸ ಅಲ್ಲ. ಪಟ್ಟಿ ಸರಿಯಾದ ಮೇಲೆ ಯೋಚಿಸಿ.

ಖಾಸಗಿತನದ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಹೆಸರು ಮುಚ್ಚಿದ ತೀರ್ಪಿನ ಫೈಲಿನ ಹೆಸರಿನಲ್ಲೇ ಸಂತ್ರಸ್ತರ ಹೆಸರು ಉಳಿದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಇರುವ ಶೀರ್ಷಿಕೆಯೂ ಹಾಗೆಯೇ. ಫೈಲಿಗೆ ನಿಮ್ಮ ಪೆದ್ದು ನಂಬರನ್ನೇ ಹೆಸರಾಗಿ ಇಡಿ. 'ಯಾರು ನೋಡಬಹುದು' ಎಂಬ ಕಾಲಂ ಖಾಲಿ ಇದ್ದರೆ ಹೊರಗೆ ಹೋಗಬಾರದು, ಅದನ್ನು ನಿಯಮ ಮಾಡಿ.

ಹಳೆಯ ಹಾಳೆಯನ್ನು ಮುಟ್ಟದೆ ಒಂದು ಪ್ರತಿ ತೆಗೆದಿಡಿ. ಹೊಸದರಲ್ಲಿ ಪ್ರತಿ ಕಾಲಂಗೂ 'ತುಂಬಿಸಿದ್ದು' ಮತ್ತು 'ಸಂಕೇತ' ಎಂದು ಜೋಡಿ ಮಾಡಿ. ಹಿಂದೆ ಬರೆದದ್ದು ಹಾಗೇ ಉಳಿಯಲಿ, ತಿದ್ದಿದ್ದು ಪಕ್ಕದಲ್ಲಿ ಬರಲಿ. 'ಗೊತ್ತಿಲ್ಲ', 'ಅನ್ವಯಿಸುವುದಿಲ್ಲ', 'ಇನ್ನೂ ನೋಡಿಲ್ಲ' ಮೂರಕ್ಕೂ ಬೇರೆ ಬೇರೆ ಸಂಕೇತ ಬೇಕು. ಖಾಲಿ ಕೋಶ ಮೂರನ್ನೂ ಒಂದೇ ಮಾಡಿಬಿಡುತ್ತದೆ. ಯಾರು ತುಂಬಿಸಿದರು, ಯಾವತ್ತು, ಕೈಯಲ್ಲಾ ಯಂತ್ರದಿಂದಲಾ ಎಂದೂ ಇರಲಿ.

ಆಮೇಲೆ 50 ತೀರ್ಪು ಆರಿಸಿ. ಸುಲಭದ್ದನ್ನೇ ಆರಿಸಬೇಡಿ. ಹಲವು ಅರ್ಜಿಗಳಿಗೆ ಸೇರಿಸಿ ಕೊಟ್ಟ ತೀರ್ಪು, ಭಿನ್ನಮತ ಇರುವುದು, ಹೆಸರು ಮುಚ್ಚಿದ್ದು, ಮೇಲ್ಮನವಿಯಲ್ಲಿ ರದ್ದಾದದ್ದು ಎಲ್ಲ ಸೇರಿರಲಿ. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಅದೇ 50ನ್ನು ತುಂಬಿಸಲಿ. ಸಂಜೆ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಬೇರೆಯಾದ ಪ್ರತಿ ಕೋಶಕ್ಕೂ ಯಾಕೆ ಬೇರೆಯಾಯಿತು ಎಂದು ಕೇಳಿ, ಬಂದ ಉತ್ತರವನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಫಲಿತಾಂಶ ಮತ್ತು ವಿಷಯದ ಕಾಲಂಗಳಲ್ಲೇ ಜಾಸ್ತಿ ಬರೆಯಬೇಕಾಗುತ್ತದೆ ಎಂದು ಈಗಲೇ ಹೇಳಬಲ್ಲೆ. ಮರುದಿನ ಬೇರೆ ಇಬ್ಬರು, ಬೇರೆ 50. ಜಗಳ ಕಡಿಮೆಯಾದ ದಿನ ಉಳಿದ ಸಾವಿರಗಳಿಗೆ ಕೈಹಾಕಿ.